ಮೆಟ್ಟಿಲ ತಿರುವಿನಲ್ಲಿ ಕುಳಿತು ಉಸಿರಾಡುವ ಬಗ್ಗೆ

ಪರಿಷ್ಕೃತ ಸುತ್ತೋಲೆ
ಸಂಖ್ಯೆ: ಆಡಳಿತ/ಮೆಟ್ಟಿಲು/ಉಸಿರು/ತಿದ್ದುಪಡಿ

ವಿಷಯ: ಔಷಧಿಯ ದೆಸೆಯಿಂದ ರಕ್ತ ಕಡಿಮೆಯಾದ ನೌಕರರು ಮೆಟ್ಟಿಲ ತಿರುವಿನ ಬೆಂಚಿನ ಮೇಲೆ ಕುಳಿತು ಉಸಿರಾಡುವುದನ್ನು ಕ್ರಮಬದ್ಧಗೊಳಿಸುವ ಕುರಿತು.

ಉಲ್ಲೇಖ: 1. ಇದೇ ವಿಷಯದ ಹಿಂದಿನ ಸುತ್ತೋಲೆ (ಎಲ್ಲರೂ ಓದಿರುತ್ತಾರೆ, ಓದಿದ್ದಾಗಿ ಯಾರೂ ಸಹಿ ಮಾಡಿರುವುದಿಲ್ಲ). 2. ವೈದ್ಯರ ಪತ್ರ. 3. ಸದರಿ ಬೆಂಚು.

ಪ್ರಸ್ತಾವನೆ:

ಟಪಾಲು ಶಾಖೆಯ ಏಕೈಕ ಮಹಿಳಾ ನೌಕರರು (ಇಡೀ ಕಚೇರಿ ಇವರನ್ನು ಟಪಾಲಕ್ಕ ಎಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ನಮೂದಿಸಲಾಗಿದೆ) ನೆಲಮಹಡಿಯಿಂದ ನಾಲ್ಕನೇ ಮಹಡಿಯವರೆಗೆ ಕಾಗದದ ಕಟ್ಟು ಹೊತ್ತು ಹತ್ತುತ್ತಿದ್ದು, ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವರೆಂದು ಹೆಸರಾಗಿದ್ದರು. ಇತ್ತೀಚೆಗೆ ಇವರು ಎರಡನೇ ಮತ್ತು ಮೂರನೇ ಮಹಡಿಗಳ ನಡುವಿನ ತಿರುವಿನಲ್ಲಿ ಗೋಡೆ ಹಿಡಿದು, ಕಣ್ಣು ಮುಚ್ಚಿ, ಬೆಂಚಿನ ಮೇಲೆ ಕುಳಿತುಕೊಳ್ಳುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿತು. ತುಟಿ ಬಿಳಿಚಿಕೊಂಡಿದ್ದುದು ಯಾರ ಗಮನಕ್ಕೂ ಬಂದಿರುವುದಿಲ್ಲ. ವಿವರಣೆ ಕೇಳಲಾಗಿ, ಅವರು ವೈದ್ಯರ ಪತ್ರ ಹಾಜರುಪಡಿಸಿದರು. ಸೇವಿಸುತ್ತಿದ್ದ ಔಷಧಿಯಿಂದ ರಕ್ತ ತೀರ ಇಳಿದಿದೆ, ಔಷಧಿ ಬದಲಿಸಲಾಗಿದೆ, ರಕ್ತ ಏರುವ ತನಕ ಮೆಟ್ಟಿಲು ಹತ್ತಿಸಬೇಡಿ, ಲಿಫ್ಟ್ ಕೊಡಿ ಎಂದಷ್ಟೇ ಅದರಲ್ಲಿತ್ತು. ಇಷ್ಟು ಚಿಕ್ಕ, ಇಷ್ಟು ಸ್ಪಷ್ಟ ಪತ್ರದ ಮೇಲೆ ಕ್ರಮ ಕೈಗೊಂಡ ಪೂರ್ವನಿದರ್ಶನ ಇಲ್ಲದ ಕಾರಣ ವಿಚಾರಣೆ ನಡೆಸಲಾಯಿತು.

ಯಾವ ಕಾಯಿಲೆಯ ಔಷಧಿ ಎಂಬ ಪ್ರಶ್ನೆಯನ್ನು ಪಾರದರ್ಶಕತೆಯ ದೃಷ್ಟಿಯಿಂದ ಬಾಗಿಲು ತೆರೆದಿಟ್ಟು ಕೇಳಲಾಯಿತು. ಟಪಾಲಕ್ಕನ ಹೇಳಿಕೆ ಹೀಗಿದೆ: “ಎಚ್‌ಐವಿ ಸಾರ್. ನನ್ ಗಂಡ ಬಿಟ್ಟು ಹೋದ ಆಸ್ತಿ ಅದೊಂದೇ. ಮಾತ್ರೆ ನುಂಗ್ಕೊಂಡು ಚೆನ್ನಾಗೇ ಇದೀನಿ, ರಕ್ತ ಒಂದು ಕೈ ಕೊಡ್ತು. ಒಂದೇ ಕೇಳ್ಕೊಳ್ಳೋದು, ನನ್ ಮಗಳಿಗೆ ಇನ್ನೂ ಹೇಳಿಲ್ಲ. ಬೇರೆಯವರ ಬಾಯಿಂದ ಅವಳಿಗೆ ಗೊತ್ತಾಗೋದು ಬೇಡ.” ಈ ಕೋರಿಕೆಯನ್ನು ಸಹಾನುಭೂತಿಯಿಂದ ಪರಿಗಣಿಸಿ, ಸಮೀಪದ ಬಂಧು ಎಂಬ ಕಾರಣಕ್ಕೆ, ಮಗಳ ವಿಳಾಸವನ್ನು ಸುತ್ತೋಲೆಯ ಪ್ರತಿಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಸೇರಿಸಲಾಯಿತು.

ಅಂದು ಮಧ್ಯಾಹ್ನ, ಅಕ್ಕಾ ಅಕ್ಕಾ ಎಂದು ಜೀವ ಬಿಡುತ್ತಿದ್ದ ಬೆರಳಚ್ಚುಗಾರ್ತಿ ತಮ್ಮ ಊಟದ ಡಬ್ಬಿಯನ್ನು ಬೇರೆ ಮೇಜಿಗೆ ವರ್ಗಾಯಿಸಿಕೊಂಡರು. ಈ ವರ್ಗಾವಣೆಗೆ ಇಲಾಖೆ ಆದೇಶ ಹೊರಡಿಸಿರುವುದಿಲ್ಲ.

ತದನಂತರ ಹೊರಡಿಸಿದ ಸುತ್ತೋಲೆಯ ಕಂಡಿಕೆಗಳನ್ನು, ಮರೆತವರ ಅನುಕೂಲಕ್ಕಾಗಿ, ಮತ್ತೊಮ್ಮೆ ಕೆಳಗೆ ಕಾಣಿಸಿದೆ.

1. ನೌಕರರು ತಮಗೆ ಬೇಕಾದಷ್ಟು ಉಸಿರನ್ನು ಹೊರಡುವ ಮಹಡಿಯಲ್ಲಿಯೇ ತೆಗೆದುಕೊಂಡು ಹೊರಡತಕ್ಕದ್ದು. ದಾರಿಯಲ್ಲಿ ಉಸಿರು ತೆಗೆದುಕೊಳ್ಳುವುದನ್ನು ಅನಧಿಕೃತ ವಿರಾಮವೆಂದು ಭಾವಿಸಲಾಗುವುದು.

2. ಬಿಳಿಚಿಕೊಂಡಿರುವ ಮಟ್ಟವನ್ನು ಪಡಸಾಲೆಯ ಗೋಡೆಯ ಬಣ್ಣದೊಂದಿಗೆ ಹೋಲಿಸಿ, ಎರಡೂ ಒಂದೇ ಆದಲ್ಲಿ ಮಾತ್ರ ಲಿಫ್ಟಿಗೆ ಅರ್ಹರೆಂದು ನಿರ್ಧರಿಸತಕ್ಕದ್ದು. ಗೋಡೆಗೆ ಬಣ್ಣ ಬಳಿದು ಬಹುಕಾಲವಾಗಿದ್ದು ಅದೇ ಹಳದಿಗೆ ತಿರುಗಿರುವುದರಿಂದ, ಯಾವ ನೌಕರರೂ ಇನ್ನೂ ಅರ್ಹರಾಗಿರುವುದಿಲ್ಲ.

3. ಲಿಫ್ಟ್ ಬಳಕೆಗೆ ಅರ್ಹವಾದ ಕಾಯಿಲೆಗಳಲ್ಲಿ ರಕ್ತಹೀನತೆ ಇದೆ. ಆದರೆ ಅದು ತಾನಾಗಿ ಬಂದಿರಬೇಕು. ಔಷಧಿಯಿಂದ ಬಂದ ರಕ್ತಹೀನತೆ ಔಷಧಿಗೆ ಸೇರಿದ್ದು, ಔಷಧಿಗೆ ಲಿಫ್ಟಿನ ಸೌಲಭ್ಯ ಇರುವುದಿಲ್ಲ. ಔಷಧಿ ನಿಲ್ಲಿಸಿ ನಿಜವಾಗಿ ಹಾಸಿಗೆ ಹಿಡಿದ ನೌಕರರು ಖುದ್ದಾಗಿ ನಾಲ್ಕನೇ ಮಹಡಿಗೆ ಬಂದು ಅರ್ಜಿ ಸಲ್ಲಿಸಬಹುದು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ಲೆಕ್ಕ ಶಾಖೆಯವರು ಇಲ್ಲಿ ನೆನಪಿಸಿದ್ದು, ಗಾದೆಗಳ ಮೇಲೆ ಟಿಪ್ಪಣಿ ಮಂಡಿಸುವಂತಿಲ್ಲ ಎಂದು ಅವರಿಗೆ ತಿಳಿಸಲಾಗಿದೆ.

4. ಪರ್ಯಾಯವಾಗಿ, ಮಾತ್ರೆಯನ್ನು ಕೆಲಸದ ದಿನಗಳಲ್ಲಿ ಬಿಟ್ಟು ರಜಾದಿನಗಳಲ್ಲಿ ಸೇವಿಸುವಂತೆ ಸೂಚಿಸಲಾಗಿತ್ತು. ಇದಕ್ಕೆ ವೈದ್ಯರು “ಮಾತ್ರೆ ದಿನವೂ ತಪ್ಪದೆ ತಗೋಬೇಕು, ನಿಮಗೆ ತಲೆ ನೆಟ್ಟಗಿದೆಯಾ?” ಎಂದು ಫೋನಿನಲ್ಲಿ ಮರುಪ್ರಶ್ನೆ ಹಾಕಿದ್ದು, ಲಿಖಿತವಾಗಿ ಕೇಳದ ಹೊರತು ಉತ್ತರಿಸಲಾಗುವುದಿಲ್ಲ. ಟಪಾಲಕ್ಕ “ಕೆಲಸ ಬೇಕಾದ್ರೆ ಬಿಡ್ತೀನಿ ಸಾರ್, ಮಾತ್ರೆ ಬಿಡಲ್ಲ. ಮಗಳ ಓದು ಮುಗಿಯೋದನ್ನ ನೋಡ್ಬೇಕು” ಎಂದಿರುತ್ತಾರೆ. ಇದರಲ್ಲಿ ತಪ್ಪು ಹುಡುಕಲು ಸಮಿತಿ ರಚಿಸಲಾಗಿದೆ.

5. ಲಿಫ್ಟಿನ ಗುಂಡಿ ಒತ್ತುವುದರಿಂದಾಗಲಿ, ಒಂದೇ ಮೇಜಿನಲ್ಲಿ ಊಟ ಮಾಡುವುದರಿಂದಾಗಲಿ ಈ ಕಾಯಿಲೆ ಹರಡುವುದಿಲ್ಲವೆಂಬುದನ್ನು ಇಲಾಖೆ ಒಪ್ಪಿದೆ. ಆದಾಗ್ಯೂ ಗುಂಡಿಯ ಅಭಿಪ್ರಾಯ ಬರುವುದು ಬಾಕಿ ಇದೆ.

6. ಟಪಾಲಕ್ಕನ ಕಾಯಿಲೆ ಅತ್ಯಂತ ಗೌಪ್ಯ. ಗೊತ್ತಿಲ್ಲದವರು ಬಾಯಿತಪ್ಪಿ ಆಡಿಬಿಡುವ ಸಾಧ್ಯತೆ ಇರುವುದರಿಂದ, ಗೊತ್ತಿರುವವರು ಅವರೆಲ್ಲರಿಗೂ ಮುಂಚಿತವಾಗಿ ತಿಳಿಸತಕ್ಕದ್ದು.

7. ಈ ಸುತ್ತೋಲೆಯ ಪ್ರತಿಗಳನ್ನು ಎಲ್ಲ ಮಹಡಿಗಳಿಗೂ ಟಪಾಲಕ್ಕನ ಮೂಲಕವೇ, ಮೆಟ್ಟಿಲುಗಳ ಮೂಲಕವೇ, ಎಲ್ಲಿಯೂ ಕೂರದೆ ತಲುಪಿಸತಕ್ಕದ್ದು.

ಜಾರಿ ವರದಿ:

ಕಂಡಿಕೆ 7ರಂತೆ ಟಪಾಲಕ್ಕ ಕಟ್ಟು ಹೊತ್ತು ಹೊರಟರು. ಮಗಳ ವಿಳಾಸದ ಲಕೋಟೆಯೂ ಅದರಲ್ಲಿತ್ತು. ತಿರುವಿನವರೆಗೆ ಹತ್ತಿ, ಬೆಂಚಿನ ಮೇಲೆ ಕುಳಿತು, ಆ ಲಕೋಟೆಯನ್ನು ಕಟ್ಟಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. ಮತ್ತೆ ಏಳಲಿಲ್ಲ. ಏಳಲು ಆಗಲಿಲ್ಲ ಎಂಬುದೇ ಸರಿಯಾದ ಒಕ್ಕಣೆ.

ಮೊದಲು ಇಳಿದು ಬಂದವರು ಬೆರಳಚ್ಚುಗಾರ್ತಿ. ಆ ವಿಳಾಸವನ್ನು ಟೈಪು ಮಾಡಿದವರು ಅವರೇ ಆಗಿದ್ದು, ಅಂದಿನಿಂದ ಅವರಿಗೆ ಊಟ ಸೇರುತ್ತಿರಲಿಲ್ಲವೆಂದು ತಿಳಿದುಬಂದಿದೆ. “ಅಕ್ಕಾ, ಸ್ವಲ್ಪ ಸರ್ಕೊಳ್ಳಿ. ನನ್ನದು ತಪ್ಪಾಯ್ತು” ಎಂದು ಪಕ್ಕದಲ್ಲಿ ಕುಳಿತು ಡಬ್ಬಿ ತೆರೆದರು. ಟಪಾಲಕ್ಕ ಸರಿದು ಕುಳಿತರು. ಬಳಿಕ ಮೂರನೇ ಮಹಡಿಯವರು, ಲೆಕ್ಕ ಶಾಖೆಯವರು, ಕೆಳಗಿನ ಕಾವಲುಗಾರರು ತಾವಾಗಿಯೇ ಬಂದು ತಂತಮ್ಮ ಟಪಾಲು ಕೊಂಡೊಯ್ದರು. ಕೆಲವರು ಅಲ್ಲೇ ನಿಂತು ಒಂದು ತುತ್ತು ತಿಂದರು.

ಪ್ರತಿ ತಲುಪದ ಆಡಳಿತಾಧಿಕಾರಿಗಳು ನಾಲ್ಕನೇ ಮಹಡಿಯಿಂದ ಸ್ಥಳ ಪರಿಶೀಲನೆಗೆ ಹೊರಟರು. ಒಂದೂವರೆ ಮಹಡಿ ಇಳಿದರೆ ಸಾಕಿತ್ತು. ಅಧಿಕಾರಿಗಳು ಲಿಫ್ಟನ್ನೇ ಬಳಸುವ ಪರಿಪಾಠದಂತೆ ನೆಲಮಹಡಿಗೆ ಇಳಿದು, ಅಲ್ಲಿಂದ ಮೆಟ್ಟಿಲು ಹತ್ತಿ ಬಂದರು. ತಿರುವು ತಲುಪುವಷ್ಟರಲ್ಲಿ ಅವರಿಗೆ ಮಾತು ಹೊರಡುತ್ತಿರಲಿಲ್ಲ. “ಕೂತ್ಕೊಳ್ಳಿ ಸಾರ್. ಮೊದಲು ಉಸಿರು ತಗೊಳ್ಳಿ, ಬೈಯೋದು ಆಮೇಲೆ ಇದ್ದೇ ಇದೆ” ಎಂದು ಟಪಾಲಕ್ಕ ಜಾಗ ಮಾಡಿಕೊಟ್ಟರು. ಅಧಿಕಾರಿಗಳು ಕುಳಿತರು. ಬಹಳ ಹೊತ್ತು ಕುಳಿತರು. ಟಪಾಲಕ್ಕ ಮಡಿಲಲ್ಲಿದ್ದ ಲಕೋಟೆಯನ್ನು ಅವರ ಕೈಗಿತ್ತು “ಇದೊಂದು ಬೇಡ ಸಾರ್” ಎಂದರು. ಅಧಿಕಾರಿಗಳು ಅದನ್ನು ಜೇಬಿಗಿಟ್ಟುಕೊಂಡರು.

ಪರಿಷ್ಕೃತ ಆದೇಶ:

ಇಲಾಖೆ ತಪ್ಪು ಮಾಡುವುದಿಲ್ಲವಾದ್ದರಿಂದ ಯಾವ ಕಂಡಿಕೆಯನ್ನೂ ಹಿಂಪಡೆದಿರುವುದಿಲ್ಲ. ಸದರಿ ಬೆಂಚನ್ನೇ ಟಪಾಲು ಶಾಖೆಯೆಂದು ಘೋಷಿಸಲಾಗಿದ್ದು, ಅಲ್ಲಿಗೆ ತಲುಪಲು ಟಪಾಲಕ್ಕ ಲಿಫ್ಟಿನಲ್ಲಿ ಮೂರನೇ ಮಹಡಿಗೆ ಬಂದು ಅರ್ಧ ಮಹಡಿ ಇಳಿಯತಕ್ಕದ್ದು. ಲಿಫ್ಟ್ ಹತ್ತಲು ಅನುಮತಿ ಬೇಕು, ಇಳಿಯಲೆಂದೇ ಹತ್ತುವವರಿಗೆ ಬೇಡ ಎಂದು ನಿಯಮವನ್ನು ಓದಿಕೊಳ್ಳಲಾಗಿದೆ. ರಕ್ತ ಏರುವ ತನಕ ಟಪಾಲು ಏರುವುದಿಲ್ಲ, ಮಹಡಿಗಳೇ ಇಳಿದು ಬರತಕ್ಕದ್ದು.

ಸಹಿ/-
ಆಡಳಿತಾಧಿಕಾರಿ
(ಬೆಂಚಿನ ಮೇಲೆ ಕುಳಿತು ಸಹಿ ಮಾಡಲಾಗಿದೆ)

ಪ್ರತಿಗಳು:
1. ಎಲ್ಲ ಮಹಡಿಗಳಿಗೆ, ಬಂದು ಕೊಂಡೊಯ್ಯಲು.
2. ವೈದ್ಯರಿಗೆ. ತಲೆ ನೆಟ್ಟಗಿದೆ ಎಂಬ ಮಾಹಿತಿಗಾಗಿ.
3. ಲಿಫ್ಟಿನ ಗುಂಡಿಗೆ. ಅಭಿಪ್ರಾಯ ಇನ್ನು ಬೇಕಾಗಿರುವುದಿಲ್ಲ.
4. ಬೆರಳಚ್ಚುಗಾರ್ತಿಗೆ, ಡಬ್ಬಿಯ ಮರುವರ್ಗಾವಣೆಯನ್ನು ಸ್ಥಿರೀಕರಿಸಿ.
5. ಟಪಾಲಕ್ಕನ ಮಗಳಿಗೆ: ಪ್ರತಿ ಇಲ್ಲ. ಅಮ್ಮನೇ ಹೇಳುತ್ತಾರೆ.