ಹದಿನಾರು ಮಂದಿ ಬ್ಯಾಂಡಿಗೆ ಒಬ್ಬಾಕಿ ಹಾಡಾಕಿ

ಹಾಡೂದು ಅಂದ್ರ ತಂಬೂರಿ, ಶಾಲು, ತಲಿ ತೂಗೂ ಮಂದಿ ಅಂತ ತಿಳಕೊಂಡವರು ನನ್ನ ಕಥಿ ಕೇಳಬಾರದು. ನಾನು ಮದುವಿ ಬ್ಯಾಂಡಿನಾಗ ಹಾಡಾಕಿ. ಹಗಲು ನಾಂಪಲ್ಲಿಯ ಕಚೇರ್ಯಾಗ ಫೈಲು, ಸೀಜನ್ ಬಂದ್ರ ಸಂಜಿಗೆ ಕೈಯಾಗ ಮೈಕು. ಹಿಂದ ಹದಿನಾರು ಮಂದಿ ತುತ್ತೂರಿ, ಸ್ಯಾಕ್ಸೊಫೋನು, ಡೋಲು ಹಿಡಕೊಂಡು ಕೆಂಪು ಕೋಟಿನಾಗ ನಿಂತಿರ್ತಾರ. ಇಷ್ಟು ವರ್ಷದಾಗ ಒಂದು ಮದುವಿನೂ ಸರಳ ಮುಗದದ್ದು ನೆನಪಿಲ್ಲ.

೧. ಪರೀಕ್ಷಾ

ಬ್ಯಾಂಡ್ ಮಾಸ್ತರ್ ಬೀದರ ಕಡೆಯವರು. ಕಾಚಿಗೂಡ ಸ್ಟೇಷನ್ ಹತ್ರ ಅವರ ಅಂಗಡಿ. ಹಾಡಿ ತೋರಸಾಕ ಕರದಿದ್ರು. ನಾನು ಎಂಟು ದಿನ ಮಜ್ಜಿಗಿ, ಉಪ್ಪಿನಕಾಯಿ ಬಿಟ್ಟು ಬಿಸಿನೀರು ಕುಡದು ಹೋಗಿದ್ದೆ. ಕಣ್ಣು ಮುಚ್ಚಿ ಹಾಡಿದೆ. ತಗದಾಗ ಮಾಸ್ತರ್ ನನ್ನ ಬಾಯಿನ ನೋಡಾಕತ್ತಿದ್ರು.

"ಭಾಳ ಛಲೋ! ನಾಳಿಂದ ಬರ್ರಿ" ಅಂದ್ರು. ಆ ದಿನ ಮನ್ಯಾಗ ಹೋಳಿಗಿ ಮಾಡಿದೆ.

ತಿಂಗಳಾದ ಮ್ಯಾಲ ಒಂದು ಮದುವ್ಯಾಗ ಮೈಕಿನ ವಾಯರ್ ಕಿತ್ತು ಬಂತು. ತುತ್ತೂರಿ ಮುಂದ ನನ್ನ ಬರೀ ಗಂಟಲಾ ಎಲ್ಲಿ ಕೇಳಬೇಕು? ಸುಮ್ಮನ ಬಾಯಿ ಆಡಿಸಿಕೋತ ನಿಂತೆ. ಹಾಡು ಮುಗದಕೂಡಲೆ ಮಾಸ್ತರ್ ಓಡಿ ಬಂದು, "ಇವತ್ತಿನಂಗ ನೀವು ಎಂದೂ ಹಾಡಿದ್ದಿಲ್ಲ ಬಿಡ್ರಿ!" ಅಂತ ಕಣ್ಣಾಗ ನೀರು ತಂದ್ರು.

ನಾನು ಗಾಬರಿಯಾಗಿ ಸ್ಯಾಕ್ಸೊಫೋನಿನವರ ಮಾರಿ ನೋಡಿದೆ. ಅವರು ಮೆಲ್ಲಗ ಹೇಳಿದ್ರು: "ಮಾಸ್ತರ್ ಮೂವತ್ತು ವರ್ಷ ತುತ್ತೂರಿ ನಡುವ ನಿಂತಾರ್ರಿ ಅಕ್ಕಾರ, ಕಿವಿ ಎಂದೋ ಹೋಗ್ಯಾವ. ಹಾಡೂವರನ್ನ ಹಲ್ಲು ನೋಡಿ ಆರಿಸ್ತಾರ."

೨. ಮೀಟರು

ಕೊಂಡಾಪುರದ ಒಂದು ಅಪಾರ್ಟ್‌ಮೆಂಟಿನಾಗ ಆರತಕ್ಷತೆ. ಮೊದಲನೇ ಹಾಡು ಅರ್ಧ ಆಗಿತ್ತು. ಅಲ್ಲಿಯ ಸೆಕ್ರೆಟರಿ ಮೊಬೈಲ್ ಹಿಡಕೊಂಡು ವೇದಿಕಿ ಮ್ಯಾಲ ಬಂದ್ರು. ಅದರಾಗ ಸಪ್ಪಳಾ ಅಳಿಯೂ ಮೀಟರ್ ಇತ್ತು.

"ಕೆಂಪು ಬಂದೈತಿ! ಕಡಿಮಿ ಮಾಡ್ರಿ!" ಅಂತ ಒದರಿದ್ರು.

ಮೈಕು ಸಣ್ಣದು ಮಾಡಿದ್ವಿ. "ಇನ್ನೂ ಕೆಂಪು!" ತುತ್ತೂರಿಯವರು ಕೂತರು. "ಇನ್ನೂ ಕೆಂಪು!" ಡೋಲಿನವ ಡೋಲಿನ ಮ್ಯಾಲ ಶಾಲು ಹೊದಿಸಿದ. ನಾನು ಕೂಸು ಮಲಗಿಸಿದಂಗ ಗುನುಗಾಕತ್ತೆ. ಕಡೀಕ ಎಲ್ಲಾರೂ ಬಂದ್ ಮಾಡಿ, ಕೈ ಕಟಗೊಂಡು ನಿಂತ್ವಿ. ಊಟದ ಕಡೆ ಚಮಚಾ ಬಿದ್ರೂ ಕೇಳತಿತ್ತು.

ಸೆಕ್ರೆಟರಿ ಮೊಬೈಲ್ ನೋಡಿ ಗಂಟಲಾ ಹರಕೊಂಡು, "ಈಗೂ ಕೆಂಪ ಐತಲ್ರೀ!" ಅಂದ್ರು.

ಮದುಮಗಳು ಅವರ ಕೈಯಾಗಿನ ಮೊಬೈಲ್ ಸಾವಕಾಶ ತಗೊಂಡು, "ಅಂಕಲ್, ನೀವೊಂದು ನಿಮಿಷ ಸುಮ್ಮನ ಇರ್ರಿ" ಅಂದ್ಲು. ಅವರು ಸುಮ್ಮನಾದ್ರು. ಮೀಟರು ಹಸರಾತು.

೩. ಯಾರ ಕಡೆಯವರು

ಒಂದ ರಸ್ತಾದಾಗ ಎರಡು ಕಲ್ಯಾಣ ಮಂಟಪ, ಎರಡಕ್ಕೂ ಒಂದ ಬಣ್ಣದ ಲೈಟು. ನಾವು ತಪ್ಪಿ ಬಾಜೂಕಿನದಕ್ಕ ಹೊಕ್ಕು ಒಂದು ತಾಸು ಹಾಡಿದ್ವಿ. ಹೆಣ್ಣಿನ ಕಡೆಯವರು ಗಂಡಿನವರು ಕರಿಸ್ಯಾರ ಅಂತ ತಿಳಕೊಂಡ್ರು, ಗಂಡಿನವರು ಹೆಣ್ಣಿನವರು ಅಂತ. ಮುಂಜಾನಿಂದ ಚಾ ಆರಿತ್ತು ಅನ್ನೂ ಮಾತಿಗೆ ಮಾರಿ ಮುರಕೊಂಡಿದ್ದ ಬೀಗರಿಬ್ಬರೂ "ನಿಮ್ಮದು ದೊಡ್ಡ ಮನಸ್ಸು", "ಅಲ್ಲಲ್ಲ, ನಿಮ್ಮದು" ಅಂತ ಅಪ್ಪಿಕೊಂಡ್ರು.

ಎರಡು ಹಾಡಿನ ನಡುವ ನಮ್ಮನ್ನ ನಿಜಕ್ಕೂ ಕರಿಸಿದ ಮನಿಯವರ ಫೋನ್ ಬಂತು. "ಎಲ್ಲಿದ್ದೀರಿ? ಇಲ್ಲಿ ಬ್ಯಾಂಡಿಲ್ಲದ ನಾವು ಬಾಜೂ ಹಾಲಿನ ಹಾಡಿಗೆ ಕುಣಿಯಾಕತ್ತೀವಿ!"

"ಹಾಡು ಹ್ಯಾಂಗ ಅದಾವ್ರಿ?" ಅಂತ ಕೇಳಿದೆ.

"ನಿಮಗಿಂತ ಛಲೋ ಹಾಡಾಕತ್ತಾಳ ಆಕಿ."

೪. ಕುದುರಿ

ಕಾಚಿಗೂಡದ ಒಂದು ಮೆರವಣಿಗಿ. ಮದುಮಗ ಬಿಳಿ ಕುದುರಿ ಮ್ಯಾಲ, ಮಾರಿ ತುಂಬ ಹೂವಿನ ಪರದಾ. ನಾನು ಮುಂದಿನ ಗಾಡಿ ಮ್ಯಾಲ ಮೈಕು ಹಿಡಕೊಂಡು ಕೂತಿದ್ದೆ. ನಮ್ಮ ಬ್ಯಾಂಡಿನಾಗ ಹೊರಡಾಕ ಒಂದು ಹಾಡು, ಮದುಮಗ ಇಳದ ಮ್ಯಾಲ ಬೀಳ್ಕೊಡಾಕ ಒಂದು ಹಾಡು. ಆ ಕುದುರಿ ಬಂದಿದ್ದ ಲಾಯದ ಕುದುರಿಗೋಳೆಲ್ಲಾ ವರ್ಷಾನುಗಟ್ಟಲೆ ನಮ್ಮ ಜೋಡಿ ದುಡದು ಎರಡೂ ಬಾಯಿಪಾಠ ಮಾಡ್ಯಾವ ಅಂತ ನಮಗ್ಯಾರಿಗೂ ಗೊತ್ತಿದ್ದಿಲ್ಲ.

ಹತ್ತು ಹೆಜ್ಜಿ ಹೋಗಿದ್ವಿ. ಮದುಮಗನ ಸೋದರತ್ತಿ ಬಂದು, "ಬೀಳ್ಕೊಡೂ ಹಾಡು ಹಾಡ್ರಿ, ನನ್ನ ಮದುವ್ಯಾಗ ಅದನ್ನ ಹಾಡಿದ್ರು" ಅಂತ ಹಟ ಹಿಡದ್ರು. ಹಾಡಿದೆ. ಕುದುರಿ ಕಿವಿ ನಿಮಿರಿಸಿ, ಸಾವಕಾಶ ತಿರುಗಿ, ಕೆಲಸ ಮುಗೀತು ಅಂತ ಲಾಯದ ದಾರಿ ಹಿಡೀತು. ಕುಣಿಯೂ ಮಂದಿ ಕುಣಕೋತನ ಅದರ ಹಿಂದ ಹೋದ್ರು. ಬ್ಯಾಂಡೂ, ನನ್ನ ಗಾಡೀನೂ ಹೋತು.

ಲಾಯದ ಅಂಗಳದಾಗ ನಿಂತ ಮ್ಯಾಲ ಮದುಮಗ ಪರದಾ ಸರಿಸಿ ಹುಲ್ಲಿನ ಬಣವಿ ನೋಡಿ, "ಹಾಲ್ ಬದಲಿ ಮಾಡೀರೇನ್ರಿ?" ಅಂದ.

ಹೆಣ್ಣಿನ ಕಡೆಯಿಂದ ಫೋನು: ಮುಹೂರ್ತಕ್ಕ ಇಪ್ಪತ್ತ ನಿಮಿಷ. ಕುದುರಿ ಜಪ್ಪಯ್ಯ ಅಂದ್ರೂ ಅಲುಗಲಿಲ್ಲ. "ಆಟೋ ಕರೀರಿ" ಅಂದೆ. ಮದುಮಗನ ತಾಯಿ, "ಮಂಟಪಾ ಮುಟ್ಟೂತನಕ ಅವ ಇಳಿಯೂಹಂಗಿಲ್ಲ!" ಅಂತ ಅಳಾಕ ಸುರು ಮಾಡಿದ್ರು. ತಪ್ಪು ನನ್ನದು, ಎಲ್ಲಾರೂ ನನ್ನನ್ನ ನೋಡಾಕತ್ತಿದ್ರು.

ಕುದುರಿಯವ ಕೈ ಮುಗದ. "ಮೇಡಂ, ಹೊರಡೂ ಹಾಡು ಹಾಡ್ರಿ. ಜೋರಾಗಿ!"

ಜನ್ಮದಾಗ ಹಾಡಿರಲಿಲ್ಲ, ಹಂಗ ಹಾಡಿದೆ. ಹದಿನಾರೂ ಮಂದಿ ಜೀವ ಬಿಟ್ಟು ಊದಿದ್ರು, ಬಡದ್ರು. ಕುದುರಿ ತಲಿ ಕೊಡವಿ ತಿರುಗಿತು, ನಡೀತು. ನಾವು ಹಿಂದ ನೋಡದ ಓಡಿದ್ವಿ.

ಮುಹೂರ್ತಕ್ಕ ಎರಡು ನಿಮಿಷ ಇರಬೇಕಾದ್ರ ಮಂಟಪದ ಬಾಗಿಲು ಮುಟ್ಟಿದ್ವಿ. ಹೆಣ್ಣಿನ ತಂದಿ ಆರತಿ ತಾಟಿನ ಬಾಜೂಕ ನಿಂತಿದ್ರು. ಅವರ ಬಾಯಿ ತೆರದದ್ದು ಹಂಗ ಉಳೀತು. ಹೊಳ್ಳಿ ನೋಡಿದೆ. ಬ್ಯಾರೆ ಬ್ಯಾರೆ ಮದುವಿಗೆ ಅಂತ ಲಾಯದಾಗ ಜೀನು, ಜರಿ ಹಾಕಿ ನಿಲ್ಲಿಸಿದ್ದ ಇನ್ನೂ ಆರು ಬಿಳಿ ಕುದುರಿ ನನ್ನ ಹಾಡು ಕೇಳಿ ಹೊಂಟು, ಮದುಮಗನ ಹಿಂದ ಸಾಲಾಗಿ ಬಂದು ನಿಂತಿದ್ವು.

ಆ ದೊಡ್ಡ ಮನಷ್ಯಾ ಒಂದೊಂದ ಕುದುರಿ ಎಣಿಸಿ, ನನ್ನ ಗಾಡಿ ಹತ್ರ ಬಂದು, ಯಾರಿಗೂ ಕೇಳಬಾರದಂಗ ಕೇಳಿದ್ರು:

"ಅಳಿಯಾ ಒಬ್ಬನ ಅಂತ ಮಾತಾಗಿತ್ತಲ್ರಿ, ಅಕ್ಕಾರ?"