ಪೊಟ್ಟಣದ ಕಾಗದ ಕಲಿಸಿದ ಓಟ

ನಮ್ಮ ಸೋದರಮಾವ ಜೀವಮಾನದಲ್ಲಿ ಒಮ್ಮೆಯೂ ಓಡಿದವರಲ್ಲ. ಅಂಗಡಿಗೆ ಹಸು ನುಗ್ಗಿ ಬೆಲ್ಲ ತಿನ್ನುತ್ತಿದ್ದರೂ ಕೂತಲ್ಲಿಂದಲೇ "ಹೈ" ಎನ್ನುವ ಆಸಾಮಿ. ಅಂಥವರು ನನಗೆ ಓಟದ ಗುರುಗಳಾದರು ಎಂದರೆ ನಂಬುತ್ತೀರಾ? ಬೇಕಾದರೆ ನನ್ನ ಕಾಲುಗಳನ್ನು ಕೇಳಿ!

ಹಳೇಬೀಡಿನಲ್ಲಿ ಅವರದು ದಿನಸಿ ಅಂಗಡಿ. ಎಪ್ಪತ್ತರ ದಶಕದ ಕೊನೆಯ ಮಾತು. ಪೊಟ್ಟಣ ಕಟ್ಟಲು ತಂದ ಹಳೆಯ ಪತ್ರಿಕೆಗಳನ್ನು ಹರಿದು ಇಟ್ಟುಕೊಂಡು, ಕಟ್ಟುವ ಮೊದಲು ಓದುವುದು ಅವರ ಚಟ. ಒಂದು ದಿನ ಓಟದ ಲೇಖನ ಕೈಗೆ ಸಿಕ್ಕಿತು. ಒಂದೇ ಸಮ ಓಡಬಾರದಂತೆ. ಸ್ವಲ್ಪ ದೂರ ಜೀವ ಬಿಟ್ಟು ಓಡಿ, ಸುಧಾರಿಸಿಕೊಂಡು, ಮತ್ತೆ ಓಡಬೇಕಂತೆ. ಆಗ ಮೈ ಹೆಚ್ಚು ಆಮ್ಲಜನಕ ಬಳಸಿಕೊಳ್ಳುತ್ತದೆ, ದಣಿವು ತಡವಾಗಿ ಬರುತ್ತದೆ. ಎಷ್ಟು ಹೊತ್ತು ಸುಧಾರಿಸಿಕೊಳ್ಳಬೇಕು ಎಂಬ ಅರ್ಧ ಮಾತ್ರ ಆಗಲೇ ಜೀರಿಗೆ ಪೊಟ್ಟಣವಾಗಿ ಹುಲಿಕೆರೆಯ ಯಾರದೋ ಮನೆ ಸೇರಿತ್ತು!

ನಾನಾಗ ಹತ್ತನೇ ಕ್ಲಾಸು. ಹಿಂದಿನ ವರ್ಷ ತಾಲ್ಲೂಕು ಕ್ರೀಡಾಕೂಟದ ಸಾವಿರದೈನೂರು ಮೀಟರಿನಲ್ಲಿ ಅರ್ಧಕ್ಕೇ ಕೂತುಬಿಟ್ಟು ಇಡೀ ಶಾಲೆಗೆ ನಗೆಪಾಟಲಾಗಿದ್ದೆ. ಈ ಸಲ ಮೊದಲಿಬ್ಬರಲ್ಲಿ ಬಂದು ಜಿಲ್ಲೆಗೆ ಆಯ್ಕೆಯಾಗಲೇಬೇಕೆಂಬ ಹಟ. ಮಾವನಿಗೆ ಅಷ್ಟು ಸಾಕಾಯಿತು.

ಅಂಗಡಿಯಿಂದ ಬಸದಿಯ ತಿರುವಿಗೆ ಓಡಿ, ವಾಪಸು ಓಡಿ ಬಂದು, ಮಾವನ ಮುಖ ಕಂಡ ತಕ್ಷಣ ನಿಲ್ಲಬೇಕು. ಎಷ್ಟು ಹೊತ್ತು? ಒಬ್ಬ ಗಿರಾಕಿಗೆ ಸಾಮಾನು ಕಟ್ಟಿ ಕಳಿಸುವಷ್ಟು! ಬೆಂಕಿಪೊಟ್ಟಣ ಕೊಳ್ಳುವವನು ಬಂದರೆ ನಾನು ಸತ್ತೆ. ತಿಂಗಳ ಸಾಮಾನಿನ ಚೀಟಿ ಹಿಡಿದು ಬಂದು ಕಾಳುಕಾಳಿಗೂ ಚೌಕಾಸಿ ಮಾಡುವ ಅಜ್ಜಿಯರನ್ನು ಕಂಡರೆ ಕಾಲಿಗೆ ಬೀಳಬೇಕೆನಿಸುತ್ತಿತ್ತು.

ಇನ್ನು ಆಮ್ಲಜನಕವನ್ನು ಅಳೆಯುವುದು ಹೇಗೆ? ನಮ್ಮದು ಜೈನರ ಮನೆ. ಓಡಿ ಬಂದವನು ಒಂದೇ ಉಸಿರಿನಲ್ಲಿ ಇಪ್ಪತ್ನಾಲ್ಕು ತೀರ್ಥಂಕರರ ಹೆಸರು ಹೇಳಬೇಕು. ಮೊದಲ ವಾರ ಏಳನೆಯವರಿಗೇ ಉಸಿರು ಕಟ್ಟಿತು. ಎರಡು ತಿಂಗಳಿಗೆ ಹದಿನೆಂಟು ದಾಟಿದೆ. ಒಮ್ಮೆ ನಡುವೆ ಇಬ್ಬರನ್ನು ಮೆಲ್ಲಗೆ ಹಾರಿಸಿ ಮಹಾವೀರರನ್ನು ಮುಟ್ಟಿದೆ. ಮಾವ ತಕ್ಕಡಿಯಿಂದ ಕಣ್ಣೆತ್ತದೆ, ಆ ಇಬ್ಬರ ಹೆಸರಿನಲ್ಲಿ ಎರಡು ಓಟ ಹೆಚ್ಚಿಗೆ ಓಡಿಸಿದರು.

ವಾರಕ್ಕೊಂದು ದಿನ ಬಿಡುವು ಎಂಬುದೂ ಆ ಜೀರಿಗೆಯ ಜೊತೆಗೇ ಹೋಗಿರಬೇಕು. ಗಣಿತದ ಪಿರಿಯಡ್ಡಿನಲ್ಲಿ ನನ್ನ ಗೊರಕೆ ಹೆಡ್‌ಮಾಸ್ಟರ ಕೋಣೆಗೆ ಕೇಳಿಸಿತು. ಅಮ್ಮ ಅಂಗಡಿಗೇ ಬಂದಳು.

"ಲೋ, ಊಟಕ್ಕೆ ಕೂತ್ರೆ ತಟ್ಟೆ ಮೇಲೇ ಮಲಗ್ತಾನಲ್ಲೋ ಮಗು."

"ಅದು ಸುಸ್ತಲ್ಲ ಕಣಕ್ಕ. ಆಮ್ಲಜನಕ ಒಳಗೆ ಇಳೀತಾ ಐತೆ."

ಅಮ್ಮ ಒಪ್ಪಲಿಲ್ಲ. ಕೂಟಕ್ಕೆ ಮುಂಚಿನ ನಾಲ್ಕು ದಿನ ನನ್ನನ್ನು ಮನೆ ಬಿಟ್ಟು ಕದಲಿಸಲಿಲ್ಲ. ಮಾವ ತಲೆಯ ಮೇಲೆ ಕೈ ಹೊತ್ತು ಕೂತರು. ನನ್ನ ಕಾಲುಗಳು ಮಾತ್ರ ಮೂರು ತಿಂಗಳಲ್ಲಿ ಮೊದಲ ಸಲ ಹಗುರಾದವು.

ಬೇಲೂರಿನ ಮೈದಾನಕ್ಕೆ ಮಾವ ಅಂಗಡಿಗೆ ಬೀಗ ಹಾಕಿ ಬಂದು ಹಗ್ಗದ ಪಕ್ಕ ನಿಂತರು. ಮೊದಲ ಸುತ್ತಿನಲ್ಲಿ ನಾನೇ ಮುಂದೆ! ಮಾವನ ಮುಖ ಕಂಡಿತು. ನಿಂತುಬಿಟ್ಟೆ! ಮಂಡಿಯ ಮೇಲೆ ಕೈಯೂರಿ ಸುಧಾರಿಸಿಕೊಳ್ಳತೊಡಗಿದೆ. ಮೂರು ತಿಂಗಳ ಅಭ್ಯಾಸ ಸ್ವಾಮಿ, ಕಾಲಿಗೇನು ಗೊತ್ತು ಇದು ಬೇಲೂರು ಎಂದು? ಜನರ ನಗು ಕೇಳಿ ಎಚ್ಚರವಾಗುವಷ್ಟರಲ್ಲಿ ಐದು ಜನ ದಾಟಿಹೋಗಿದ್ದರು. ಎರಡನೆಯ ಸುತ್ತಿನಲ್ಲೂ ಅದೇ ಜಾಗ, ಅದೇ ಮುಖ; ಕಾಲು ಮತ್ತೆ ತಡವರಿಸಿತು.

ಮೂರನೆಯ ಸುತ್ತಿಗೆ ಬಂದಾಗ ಮಾವ ಅಲ್ಲಿರಲಿಲ್ಲ. ನಾಚಿಕೆಯಾಗಿ ಹೊರಟುಹೋದರು ಎಂದುಕೊಂಡೆ. ಆ ಸಿಟ್ಟಿನಲ್ಲೇ ಒಬ್ಬೊಬ್ಬರನ್ನಾಗಿ ಹಿಂದೆ ಹಾಕಿ, ಎರಡನೆಯವನಾಗಿ ಗೆರೆ ಮುಟ್ಟಿದೆ.

ಆಮೇಲೆ ಹುಡುಕಿದರೆ, ಮಾವ ಕಾಂಪೌಂಡಿನ ಆಚೆ, ಮೈದಾನಕ್ಕೆ ಬೆನ್ನು ಮಾಡಿ ಗೋಡೆಗೆ ಒರಗಿ ನಿಂತಿದ್ದರು.

"ಮುಗೀತೇನ್ಲಾ?" ಎಂದರು.

"ಯಾಕೆ ಮಾವ, ನೋಡ್ಲಿಲ್ವಾ?"

"ನಾನು ಕಂಡ್ರೆ ನೀನು ನಿಲ್ತೀಯ ಕಣೋ."

ಜಿಲ್ಲೆಗೆ ಆಯ್ಕೆಯಾದೆ ಎಂದಾಗ ಅವರು ಹೆಗಲ ಟವೆಲ್ಲಿನಿಂದ ನನ್ನ ಮುಖ ಒರೆಸಿದರು. ಮೂರು ತಿಂಗಳು ಕಾದಿದ್ದ ಓಟವನ್ನು ಅವರು ನೋಡಲೇ ಇಲ್ಲವಲ್ಲ ಎಂದು ನನಗೆ ಅಳು ಬಂತು. ವಾಪಸು ಬರುವಾಗ ಬಸ್ಸಿನಲ್ಲಿ ಅವರ ಪಕ್ಕ ಕೂತು, ಯಾರನ್ನು ಎಲ್ಲಿ ಹಿಂದೆ ಹಾಕಿದೆ ಎಂದು ಒಂದೂ ಬಿಡದೆ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

ಹಳೇಬೀಡು ಬಂತು. ಇಳಿಯಲು ಎದ್ದವನನ್ನು ತೋಳು ಹಿಡಿದು ಕೂರಿಸಿ, "ಕೊನೇ ಸುತ್ತು ಇನ್ನೊಂದ್ಸಲ ಹೇಳು" ಎಂದರು.

ಬಸ್ಸು ನಮ್ಮಿಬ್ಬರನ್ನೂ ಕೂರಿಸಿಕೊಂಡೇ ನಮ್ಮೂರು ದಾಟಿ ಜಾವಗಲ್ಲಿನ ಕಡೆ ಹೊರಟಿತು. ನಾನು ಮತ್ತೆ ಶುರು ಮಾಡಿದೆ.