ಸಪ್ಪಳ ಇಲ್ಲದ ಮಷಿನ್ನು, ಸಿಟ್ಟಿಗೆದ್ದ ಎಮ್ಮೆ

ಜಂಬ ಕೊಚ್ಚಿಕೊಳ್ಳುವವನಲ್ಲ ನಾನು. ಆದರೂ ಎಮ್ಮೆಯ ಮೈಗೂದಲು ತೆಗೆಯುವುದರಲ್ಲಿ ಆಳಂದದಿಂದ ಜೇವರ್ಗಿತನಕ ನನಗೆ ಸರಿಸಾಟಿ ಇಲ್ಲ. ಇದು ನನ್ನ ಮಾತಲ್ಲ, ಎಮ್ಮೆಗಳ ಅಭಿಪ್ರಾಯ. ಇಂಥವನ ಬೆನ್ನಿಗೆ ಫಜೀತಿಗಳು ಬೀಳದೆ ಇರುತ್ತವೆಯೇ?

ಕತ್ತರಿ ಕಾಲ

ಆಗೆಲ್ಲ ಬಿಸಿಲು ಏರುವ ಮೊದಲೇ ಬೇವಿನ ಗಿಡದ ಕೆಳಗೆ ಎಮ್ಮೆಗಳ ಸಾಲು. ನನ್ನ ಕೈಯಲ್ಲಿ ಅಪ್ಪನ ಕತ್ತರಿ. ಮೊದಲು ಎಮ್ಮೆಯ ಕಿವಿಯ ಹತ್ತಿರ ಸುಮ್ಮನೆ ಕಟಕಟ ಆಡಿಸಬೇಕು, ಆಮೇಲೆ ಮೈಗೆ ಹಚ್ಚಬೇಕು. ಅದು ಅಪ್ಪ ಹಾಕಿಕೊಟ್ಟ ಪದ್ಧತಿ. ಆ ತಾಳಕ್ಕೆ ಎಮ್ಮೆ ಮೆಲುಕು ಹಾಕುವುದನ್ನೂ ಮರೆತು ಕಣ್ಣು ಮುಚ್ಚುತ್ತಿತ್ತು. ಕರಜಗಿಯಲ್ಲಂತೂ ಒಂದು ಎಮ್ಮೆ ಗೊರಕೆ ಹೊಡೆಯುತ್ತ ಮಲಗಿಯೇ ಬಿಟ್ಟಿತು. ಅದರ ಮಾಲೀಕ ಹಾಲಿನ ಚರಗಿ ಹಿಡಿದು ಕಾದೂ ಕಾದೂ, "ಕಾಕಾ, ಕೂದ್ಲ ತೆಗೀರಿ ಅಂದಿದ್ದೆ, ಜೋಗುಳ ಹಾಡ್ರಿ ಅಂದಿದ್ದಿಲ್ಲ" ಎಂದ.

ಅಂಗಡಿಯಲ್ಲಿ

ಈಗ ವಯಸ್ಸಾಗಿ ಹೆಬ್ಬೆರಳು ಮಾತು ಕೇಳುವುದಿಲ್ಲ. ಕತ್ತರಿ ಟ್ರಂಕು ಸೇರಿತು. ನಮ್ಮ ಎಮ್ಮೆಯೋ, ಮೈಮೇಲೆ ಕೂದಲಿದ್ದರೆ ಬಿಸಿಲಿಗೆ ಬಸವಳಿದು ಹಾಲು ಕಡಿಮೆ ಮಾಡುತ್ತದೆ. ಹಾಲಿಲ್ಲದಿದ್ದರೆ ನನಗೆ ಚಹಾ ಇಲ್ಲ. ಚಹಾ ಇಲ್ಲದ ನಾನು ನಾನೇ ಅಲ್ಲ. ಕೂದಲು ತೆಗೆಯುವ ಕರೆಂಟಿನ ಮಷಿನ್ನು ತರಲು ಅಫಜಲಪುರಕ್ಕೆ ಹೋದೆ.

ಪರೀಕ್ಷೆ ಮಾಡದೆ ಕೊಳ್ಳುವವನೇ ನಾನು? ವೈರಿನ ಮಷಿನ್ನನ್ನು ಎಡಗೈ ಮೇಲೆ ಓಡಿಸಿದೆ: ಭಾರ, ಬ್ಲೇಡೂ ಕಾಯುತ್ತದೆ. ಬ್ಯಾಟರಿಯದನ್ನು ಬಲಗೈ ಮೇಲೆ ಓಡಿಸಿದೆ: ಹಗುರ, ತಣ್ಣಗೆ. "ಸಪ್ಪಳೇ ಇಲ್ರಿ ಕಾಕಾ, ಎಮ್ಮಿಗೆ ಗೊತ್ತೇ ಆಗಂಗಿಲ್ಲ" ಎಂದ ಅಂಗಡಿಯವನು. ಅದನ್ನೇ ತಂದೆ.

ಹೆಂಡತಿ ಮಷಿನ್ನು ನೋಡಲಿಲ್ಲ, ನುಣ್ಣಗಾದ ನನ್ನ ಕೈ ನೋಡಿದಳು. "ಒಂದು ಎಮ್ಮಿದು ಮುಗೀತು. ಇನ್ನೊಂದು ಹಿತ್ಲಾಗ ಅದ."

ಎಮ್ಮೆಯ ತೀರ್ಪು

ಓಣಿಯೆಲ್ಲ ಸೇರಿತ್ತು, ನಾನೇ ಕರೆದಿದ್ದೆ. ಮಷಿನ್ನು ಸದ್ದಿಲ್ಲದೆ ಬೆನ್ನಿಗೆ ತಾಗಿದ್ದೇ ತಡ, ಎಮ್ಮೆ ಬೆಚ್ಚಿ ಬಕೆಟ್ಟು ಒದೆಯಿತು, ನನ್ನನ್ನು ಜೋಳದ ಕಣಿಕೆಯ ಮೇವಿನ ರಾಶಿಗೆ ನೂಕಿತು. ಸಂಜೆ ತೊಟ್ಟು ಹಾಲು ಕೊಡಲಿಲ್ಲ. ಕರಿ ಚಹಾ ಕುಡಿದೆ.

ಮರುದಿನ ಹೆಂಡತಿ ಟ್ರಂಕಿನಿಂದ ಅಪ್ಪನ ಕತ್ತರಿ ತೆಗೆದು, ಓಣಿಯವರೆದುರೇ ಎಮ್ಮೆಯ ಕಿವಿಯ ಹತ್ತಿರ ನಿಂತು ಗಾಳಿಯಲ್ಲೇ ಕಟಕಟ ಆಡಿಸಿದಳು. ಎಮ್ಮೆ ಕಣ್ಣು ಮುಚ್ಚಿತು. ಆ ಸಪ್ಪಳಕ್ಕೆ ನನಗೂ ಆ ಬೇವಿನ ಗಿಡ, ಅಪ್ಪ, ಎಮ್ಮೆಗಳ ಸಾಲು ನೆನಪಾಗಿ, ಮಷಿನ್ನು ಹಿಡಿದ ಕೈ ತಾನೇ ನಡೆಯಿತು. ಸಂಜೆ ಚರಗಿ ತುಂಬ ಹಾಲು. ಎಲ್ಲ ನನ್ನ ಕೈಚಳಕ ಎಂದು ಓಣಿಗೆಲ್ಲ ಸಾರಿದೆ.

ಸುದ್ದಿ ಜೇವರ್ಗಿ ಮುಟ್ಟಿತು. ಅಲ್ಲಿಂದ ತಂಗಿಯ ಮಗ ಫೋನು ಮಾಡಿ, ತಮ್ಮ ಎಮ್ಮೆಗೂ ಕೂದಲು ತೆಗೆಯಬೇಕು ಎಂದ. ಮಷಿನ್ನು ಚಾರ್ಜಿಗೆ ಹಾಕಿ ಈಗಲೇ ಹೊರಟೆ ಎಂದೆ.

"ಮಷಿನ್ ನಮ್ಮಲ್ಲೂ ಅದರಿ ಮಾಮಾ" ಎಂದ. "ನೀವು ಬರದಿದ್ರೂ ನಡೀತದ. ನಮ್ಮ ಅತ್ತಿ ಕೈಯಾಗ ಕತ್ತರಿ ಕೊಟ್ಟು ಬಸ್ಸಿಗೆ ಕೂಡಿಸ್ರಿ."